ಎಚ್ಚರಿಕೆಯ ಸಾಲು

ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯ ಸರ್ವರ್ ರೀಸ್ಟಾರ್ಟ್ ಆಯಿತು. ಅದರೊಳಗಿನ ಕಂಟೇನರ್ ಸೇವೆ ಮಾತ್ರ ಏಳಲಿಲ್ಲ. ಟೋಕನ್, ರಕ್ತ ಪರೀಕ್ಷೆ, ಔಷಧಿ ಕೌಂಟರು, ಒಂದೊಂದು ತಂತ್ರಾಂಶವೂ ಕಂಟೇನರ್ ಎಂಬ ತನ್ನದೇ ಡಬ್ಬಿಯಲ್ಲಿ. ಅವನ್ನೆಲ್ಲ ಎಬ್ಬಿಸಬೇಕಾದ ಸೇವೆಯೇ ಮಲಗಿದ್ದರಿಂದ ಅವೂ ಏಳಲಿಲ್ಲ. ಕೆಳಗೆ ರೋಗಿಗಳ ಸಾಲು ಗೇಟಿನವರೆಗೆ ಬೆಳೆಯಿತು.

"ಫೈಲಿಗೆ ಕೈ ಹಾಕಿದ್ದು ಯಾರು?" ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಗುಡುಗಿದರು. ಆ ಸೇವೆಯ ಸೆಟ್ಟಿಂಗ್‌ಗಳೆಲ್ಲ ಇದ್ದ ಫೈಲು ಅವರದೇ ಕೂಸು. ಸ್ಟೇಪ್ಲರನ್ನೂ ಡ್ರಾಯರಿನಲ್ಲಿಟ್ಟು ಬೀಗ ಹಾಕುವ ಅವರಿಗೆ ಬೆನ್ನ ಹಿಂದೆ ‘ಬೀಗದ ಸಾರ್’ ಎಂದೇ ಹೆಸರು. ಕೋಣೆಯಲ್ಲಿ ಇನ್ನಿದ್ದವಳು ಒಬ್ಬಳೇ, ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾದ ಹೊಸ ತಂತ್ರಜ್ಞೆ.

"ನೀವು ಹೇಳಿದ ಹಾಗೆ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದೆ ಸಾರ್, ಅಷ್ಟೇ."

"ಅಷ್ಟೇನಾ? ನಿನ್ನೆವರೆಗೂ ಗುಂಡುಕಲ್ಲಿನ ಹಾಗಿತ್ತು! ನಿಮ್ಮ ಕೆಲಸದ ವಿಷಯ ಸಂಜೆ ಮಾತಾಡೋಣ."

ಫೋನು ಬಡಿದುಕೊಂಡಿತು. ಟೋಕನ್ ಕೌಂಟರಿನಾಕೆ. "ಸಾರ್, ಚೀಟಿ ಹರಿದು ನಂಬರ್ ಬರೀತಿದೀನಿ. ಮೂರು ಜನ ಹದಿನೇಳನೇ ನಂಬರು ಆಗಿದಾರೆ. ಒಬ್ರು ಅಜ್ಜ ನನ್ನ ಪೆನ್ನೇ ಕಿತ್ಕೊಂಡು ‘ಒಂದು’ ಅಂತ ಬರ್ಕೊಂಡ್ರು!"

ಹೊಸಬಳು ಮಾತು ಬೆಳೆಸದೆ, ತಪ್ಪುಗಳೆಲ್ಲ ದಾಖಲಾಗುವ ಸೇವೆಯ ಲಾಗ್ ತೆರೆದಳು. "ಸಾರ್, ಫೈಲಿನ ಮೊದಲನೇ ಅಕ್ಷರವೇ ಅರ್ಥ ಆಗ್ತಿಲ್ಲ ಅಂತಿದೆ. ಫೈಲು ಬದಲಾಗಿದ್ದು ನಾಲ್ಕು ತಿಂಗಳ ಹಿಂದೆ. ಆಮೇಲೆ ಸೇವೆ ಒಂದು ಸಲಾನೂ ನಿಂತು ಶುರುವಾಗಿಲ್ಲ, ಅದಕ್ಕೇ ಗೊತ್ತಾಗಿಲ್ಲ."

"ತೆಗೀರಿ ಫೈಲು. ಯಾವ ಮಹಾನುಭಾವ ಅಂತ ನೋಡೇಬಿಡೋಣ."

ತೆಗೆದಳು. ಫೈಲಿನ ನೆತ್ತಿಯ ಮೇಲೆ, ಟಿಪ್ಪಣಿಯ ಗುರುತಾಗಿ ಹಾಕಿದ ಎರಡು ಓರೆಗೀಟುಗಳ ನಂತರ ಹೀಗಿತ್ತು: "ಎಚ್ಚರಿಕೆ! ನನ್ನನ್ನು ಕೇಳದೆ ಈ ಫೈಲನ್ನು ಯಾರೂ ಮುಟ್ಟಬಾರದು. ಇಂತಿ, ಮುಖ್ಯಸ್ಥ."

ಮುಖ್ಯಸ್ಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸಾಲು ಹಾಗೇ ಇತ್ತು.

"ಈ ಫೈಲಲ್ಲಿ ಸೆಟ್ಟಿಂಗ್ ಬಿಟ್ಟು ಬೇರೇನೂ ಬರೆಯೋ ಹಾಗಿಲ್ಲ ಸಾರ್, ಟಿಪ್ಪಣಿ ಬರೆದ್ರೂ ಸೇವೆ ಏಳಲ್ಲ," ಎಂದು ಅವಳು ಮೆಲ್ಲಗೆ ಹೇಳಿದಳು. ಆಮೇಲೆ ನಗು ನುಂಗಿಕೊಂಡು, "ಕೇಳದೆ ಮುಟ್ಟಬಾರದು ಅಂತ ಬೇರೆ ಇದೆ. ಅದಕ್ಕೇ ಕೇಳ್ತಿದೀನಿ. ಆ ಸಾಲು ಅಳಿಸ್ಲಾ?"

"ಬೇಡ." ಅವರು ಕುರ್ಚಿ ಎಳೆದುಕೊಂಡರು. "ನಾನೇ ಅಳಿಸ್ತೀನಿ."

ಸೇವೆ ಎದ್ದಿತು. ಕಂಟೇನರುಗಳು ಒಂದರ ಹಿಂದೊಂದು ಕಣ್ಣು ಬಿಟ್ಟವು.

ಮಧ್ಯಾಹ್ನ ವರದಿ ಕಳಿಸಬೇಕಿತ್ತು. ಮುಖ್ಯಸ್ಥರು ‘ಕಾರಣ’ದ ಮುಂದೆ ‘ಹೊಸ ಸಿಬ್ಬಂದಿಯ ಅನನುಭವ’ ಎಂದು ಟೈಪು ಮಾಡಿ, ಪಕ್ಕದ ಮೇಜಿನತ್ತ ನೋಡಿದರು. ಊಟಕ್ಕೂ ಏಳದೆ ಅವಳು ಕೈಚೀಟಿಯ ಟೋಕನ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಅವರು ಬರೆದದ್ದನ್ನು ಅಳಿಸಿ ಮತ್ತೆ ಬರೆದರು.

ಐದೇ ನಿಮಿಷದಲ್ಲಿ ಆಸ್ಪತ್ರೆಯ ನಿರ್ದೇಶಕಿಯ ಫೋನು.

"ಏನ್ರೀ ಇದು ವರದಿ? ‘ಕಾರಣ: ಎಚ್ಚರಿಕೆ. ಪರಿಹಾರ: ಎಚ್ಚರಿಕೆಯನ್ನು ತೆಗೆದುಹಾಕಲಾಗಿದೆ.’ ತಲೆಬುಡ ಅರ್ಥ ಆಗ್ತಿಲ್ಲ. ಹಾಳು ಮಾಡಿದೋನು ಯಾರು, ಅದನ್ನ ಹೇಳಿ."

ಮುಖ್ಯಸ್ಥರು ಎದೆ ಗಟ್ಟಿ ಮಾಡಿಕೊಂಡರು.

"ಕಾವಲಿಗಿದ್ದೋನೇ, ಮೇಡಂ."