ಅನಸೂಯಾಳ ದೀಪದ ಬಣ್ಣ

೨೦೭೩ರ ಮಾರ್ಚ್ ೧೪, ಸಂಜೆ ೬ ಗಂಟೆ ೨೦ ನಿಮಿಷ. ಗದಗಿನ ಮನೆಗಳಲ್ಲಿ ಎಂದಿನಂತೆ ಜನ ತಮ್ಮ ತಮ್ಮ ಗಾಜಿನ ಬುರುಡೆಗಳಿಗೆ ಉಸಿರು ಊದುತ್ತಿದ್ದರು. ಊದಿದ ಉಸಿರು ಬೆಳಕಾಗಿ, ತೀರುವ ತನಕ ಉರಿಯುತ್ತಿತ್ತು. ಒಬ್ಬೊಬ್ಬರದು ಒಂದೊಂದು ಬಣ್ಣ.

ಅನಸೂಯಾಳದು ತಿಳಿನೀಲಿ. ಶ್ವಾಸಕೋಶದ ಕ್ಯಾನ್ಸರ್ ಎಲುಬಿಗೂ ಹಬ್ಬಿದ ಮೇಲೂ ಅವಳ ದೀಪ ಹದಿನೆಂಟು ನಿಮಿಷ ಉರಿಯುತ್ತಿತ್ತು. "ಇಷ್ಟು ಉರೀತದಂದ್ರ ಕೀಮೋ ತಡಕೋತೀರಿ. ಮೂರ್ನಾಲ್ಕು ತಿಂಗಳು ಹೆಚ್ಚಿಗಿ ಸಿಗಬಹುದು, ಸಿಗದನೂ ಇರಬಹುದು. ಬೇಕೋ ಬ್ಯಾಡೋ ನಾಳೆ ಹೇಳ್ರಿ" ಎಂದಿದ್ದರು ಡಾಕ್ಟರು, ಮನೆಯಲ್ಲಿ ಬರೆದಿಟ್ಟ ದೀಪದ ಲೆಕ್ಕ ನೋಡಿ.

ಅನಸೂಯಾ ಕನ್ನಡಕ ಒರೆಸಿಕೊಂಡು ದೀಪವನ್ನೇ ನೋಡಿದಳು. ನೀಲಿಯ ಅಂಚಿನಲ್ಲಿ ತೆಳುವಾಗಿ ಅರಿಸಿನ ಬಣ್ಣ ತೇಲುತ್ತಿತ್ತು. ಅದು ಪಕ್ಕದಲ್ಲೇ ಕುಳಿತಿದ್ದ ತಂಗಿ ಶಶಿಕಲಾಳ ಬಣ್ಣ.

"ಶಶೀ, ನಾ ನೀರು ಕುಡ್ಯಾಕ ಎದ್ದಾಗ ನೀ ಇದಕ್ಕ ಊದೀಯೇನ?"

"ಅಯ್ಯ, ನಾ ಯಾಕ ಊದ್ಲಿ?"

"ಮೂವತ್ತು ವರ್ಷ ಕಾಲೇಜಿನ ಲ್ಯಾಬಿನಾಗ ಹುಡುಗರ ಸುಳ್ಳು ರೀಡಿಂಗ್ ಹಿಡದಾಕಿ ನಾನು."

ಶಶಿಕಲಾ ಸೆರಗಿನಿಂದ ಕಣ್ಣೊತ್ತಿಕೊಂಡಳು. "ದೀಪ ಜಲ್ದಿ ಆರಿದ್ರ ಔಷಧ ಕೊಡಂಗಿಲ್ಲ ಅಂದಬಿಟ್ರ ಅಂತ ಅಂಜಿದ್ದೆ, ಅಕ್ಕಾ."

ಅನಸೂಯಾ ಬುರುಡೆ ಖಾಲಿ ಮಾಡಿ ಒಬ್ಬಳೇ ಊದಿದಳು. ಐದು ನಿಮಿಷಕ್ಕೆ ಆರಿತು. ಆ ಮಬ್ಬಿನಲ್ಲೇ ಅವಳು ತಂಗಿಯ ಕಡೆ ತಿರುಗಿದಳು.

"ಕೀಮೋ ಬ್ಯಾಡ. ನಾಳೆ ನಾನ ಹೇಳ್ತೇನಿ. ಆದ್ರ ನೀ ದಿನಾ ಸಂಜೀಕ ಊದಾಕ ಬಾ. ಕದ್ದು ಅಲ್ಲ."

ಇಬ್ಬರೂ ಸೇರಿ ಊದಿದರು. ಕೋಣೆಯ ಗೋಡೆಗಳು ನಿಧಾನವಾಗಿ ಎಳೆಹಸಿರಾದವು. ದೀಪ ಮೂವತ್ತೊಂದು ನಿಮಿಷ ಹತ್ತು ಸೆಕೆಂಡು ಉರಿಯಿತು.