ದೀಪಗಳ ಮುಖ

ಸಂಜೆ ಸ್ವಿಚ್ಚು ಒತ್ತಿದಾಗ ಆಂಬುಲೆನ್ಸಿನ ನೆತ್ತಿಯ ಮೇಲಿನ ನಾಲ್ಕೂ ದೀಪಗಳು ಝಗ್ಗೆಂದವು. ಎದುರಿನ ಗೋಡೆ ಮಾತ್ರ ಕತ್ತಲಲ್ಲೇ ಉಳಿಯಿತು. ಡ್ರೈವರಮ್ಮ ಕೆಳಗಿಳಿದು ತಲೆಯೆತ್ತಿ ನೋಡಿದಳು. ದೀಪಗಳು ರಸ್ತೆಗೆ ಬೆನ್ನು ಹಾಕಿ, ಹಿಂದೆ ಗಾಡಿಯ ನೆತ್ತಿಯ ಮೇಲೆಯೇ ಹೊಸದಾಗಿ ನಿಲ್ಲಿಸಿದ್ದ ಬೋರ್ಡನ್ನು ಬೆಳಗುತ್ತಿದ್ದವು. ಬೋರ್ಡಿನ ತುಂಬ ದೀಪ ದಾನ ಕೊಟ್ಟ ಸಾಹುಕಾರರ ಹೆಸರು. ಒಂದೊಂದು ಅಕ್ಷರವೂ ಕುಂಬಳಕಾಯಿ ಗಾತ್ರ.

ಅವಳ ಮೈಯೆಲ್ಲ ಉರಿದುಹೋಯಿತು. ಗಣಿಯ ದಾರಿಯಲ್ಲಿ ಒಂದು ಬೀದಿದೀಪವಿಲ್ಲ, ಗಾಡಿಯ ಹಳೇ ಹೆಡ್‌ಲೈಟುಗಳೋ ಬರೀ ಮಿಣುಕು. ಈ ಕಡೆ ಬಂಡೆ, ಆ ಕಡೆ ಕಂದಕ. ಅದಕ್ಕೆಂದೇ ಈ ದೀಪಗಳಿಗಾಗಿ ಕಂಡಕಂಡವರ ಕೈಕಾಲು ಹಿಡಿದಿದ್ದಳು. ಬೆಳಿಗ್ಗೆ ಮೆಕ್ಯಾನಿಕ್ ಆಗಿದ್ದ ಅವಳ ತಮ್ಮನೂ ಅವಳೂ ಸೇರಿ ಶೆಡ್ಡಿನ ಬಾಗಿಲೆಳೆದು ಕತ್ತಲು ಮಾಡಿಕೊಂಡು, ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕು ಗೆರೆಗಿಂತ ಗೇಣು ಕೆಳಗೆ ಬೀಳುವಂತೆ ಒಂದೊಂದನ್ನೇ ಬಾಗಿಸಿ ಬಿಗಿ ಮಾಡಿದ್ದರು. ಅವಳು ಊಟಕ್ಕೆ ಮನೆಗೆ ಹೋದದ್ದೇ ತಪ್ಪಾಯಿತು.

"ಯಾರೋ ಇದನ್ನ ತಿರುಗಿಸಿದ್ದು?"

ತಮ್ಮ ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಸೆಕ್ರೆಟರಿ ಸಾಹೇಬ್ರು ಹೇಳಿದ್ರು ಅಕ್ಕ. ಅಲ್ಲಾಡಬಾರದು ಅಂತ ಎರಡಕ್ಕೆ ವೆಲ್ಡಿಂಗೂ ಮಾಡಿಸಿಬಿಟ್ರು."

ಕ್ಯಾಮೆರಾದವನ ಜೊತೆ ನಿಂತಿದ್ದ ಆಸ್ಪತ್ರೆಯ ಸೆಕ್ರೆಟರಿ ನಗುನಗುತ್ತಲೇ ಬಂದರು. "ಇವತ್ತೊಂದಿನ ಸುಧಾರಿಸಮ್ಮ. ಸಾಹುಕಾರರು ಬಂದು ಫೋಟೋ ತೆಗೆಸ್ಕೊಂಡು ಹೋಗಲಿ. ಆಮೇಲೆ ಹೇಗೆ ಬೇಕೋ ಹಾಗೆ ತಿರುಗಿಸ್ಕೋ."

ಅಷ್ಟರಲ್ಲಿ ನರ್ಸ್ ಒಳಗಿನಿಂದ ಓಡಿಬಂದಳು. ಗಣಿಯ ಬಿಡಾರಗಳಿಂದ ಫೋನು. ಚೊಚ್ಚಲ ಹೆರಿಗೆ, ಹುಡುಗಿ ತಾಳಲಾರದೆ ಕಿರುಚುತ್ತಿದ್ದಾಳೆ.

"ಇನ್ನೇನು ಬಂದೇಬಿಟ್ರು ಅವರು, ಒಂದು ಗಳಿಗೆ ನಿಂತು ಹೋಗು," ಎಂದರು ಸೆಕ್ರೆಟರಿ.

"ಮಗುಗೆ ನೀವೇ ಫೋನ್ ಮಾಡಿ ಹೇಳಿ ಸಾರ್, ಒಂದು ಗಳಿಗೆ ನಿಲ್ಲು ಅಂತ!" ಅವಳು ತಮ್ಮನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಮೇಲೆ ಹತ್ತಿದಳು. ಎರಡು ದೀಪಗಳು ಮಾತು ಕೇಳಿದವು. ವೆಲ್ಡಿಂಗ್ ಮಾಡಿದ್ದ ಎರಡು ಜಪ್ಪಯ್ಯ ಅನ್ನಲಿಲ್ಲ. ಸುತ್ತಿಗೆಯಲ್ಲಿ ಬಡಿದು, ಕೈ ತರಚಿಕೊಂಡು, ಕೊನೆಗೆ ನರ್ಸನ್ನು ಕೂರಿಸಿಕೊಂಡು ಹಾಗೇ ಹೊರಟಳು.

ನಾಲ್ಕಕ್ಕೂ ಒಂದೇ ಸ್ವಿಚ್ಚು. ಅಂದಾಜಿನಲ್ಲಿ ತಿರುಗಿಸಿದ ಎರಡರಲ್ಲಿ ಒಂದು ಬಾನೆಟ್ಟಿಗೆ ಬಡಿದು ಅವಳ ಕಣ್ಣಿಗೇ ರಾಚುತ್ತಿತ್ತು. ಇನ್ನೊಂದರ ಬೆಳಕನ್ನೇ ನಂಬಿ, ಕಂದಕದ ಅಂಚಿನಲ್ಲಿ ಗಾಡಿಯನ್ನು ತೆವಳಿಸಿದಳು. ನೆತ್ತಿಯ ಮೇಲೆ ಸಾಹುಕಾರರ ಹೆಸರು ಮಾತ್ರ ಹಾಡುಹಗಲಿನಂತೆ ಬೆಳಗುತ್ತಿತ್ತು.

ಕಾದು ಕಾದು ಸಾಕಾಗಿ ಬಿಡಾರದವರೇ ಹುಡುಗಿಯನ್ನು ಕಿತ್ತ ಬಾಗಿಲೊಂದರ ಮೇಲೆ ಮಲಗಿಸಿ ಹೊತ್ತು ತರುತ್ತಿದ್ದರು. ಅರ್ಧ ದಾರಿಯಲ್ಲಿ ಸಿಕ್ಕರು. ಗಾಡಿಗೆ ಎತ್ತಿ ಹಾಕುವಷ್ಟು ಪುರಸೊತ್ತೂ ಇರಲಿಲ್ಲ. ಅಲ್ಲೇ, ಜಲ್ಲಿಯ ರಾಶಿಯ ಪಕ್ಕ, ಆ ಬಾಗಿಲ ಮೇಲೆಯೇ ನರ್ಸ್ ಮಗುವನ್ನು ಕೈಗೆ ತೆಗೆದುಕೊಂಡಳು. ಬಹಳ ಹೊತ್ತಿನ ಮೇಲೆ ಅದು ಅತ್ತಿತು.

ಹುಡುಗಿಯ ಅಜ್ಜಿ ಕಣ್ಣೊರೆಸಿಕೊಂಡು ಗಾಡಿಯ ನೆತ್ತಿಯತ್ತ ನೋಡಿದಳು. "ಅಷ್ಟು ದೊಡ್ಡದಾಗಿ ಏನು ಬರೆಸಿದೀರವ್ವ? ನಂಗೆ ಓದೋಕೆ ಬರಲ್ಲ. ಆಸ್ಪತ್ರೆ ಹೆಸರಾ?"

"ಅಲ್ಲಜ್ಜಿ," ಎಂದಳು ಡ್ರೈವರಮ್ಮ. "ನಾವು ತಡವಾಗಿ ಬಂದಿದ್ದು ಯಾಕೆ ಅಂತ ಬರೆದಿದ್ದಾರೆ."