ಕಪ್ಪು ಬಳಿದ ಮೇಲೂ

ಬಾಗಿಲಲ್ಲಿ ಭಾವನನ್ನು ಕಂಡ ಕೂಡಲೇ ಗೀಚಿ ಗೋಡೆಗೆ ಅಡ್ಡವಾಗಿ ನಿಂತಳು. ಚಿತ್ರಪ್ರದರ್ಶನಕ್ಕೆ ಅಕ್ಕ ಒಬ್ಬಳೇ ಬರುವುದೆಂದು ಮಾತಾಗಿತ್ತು. ಭಾವ ಇಂಥದಕ್ಕೆಲ್ಲ ತಲೆ ಹಾಕುವವರಲ್ಲ. ಇವತ್ತೇ ಅವರಿಗೆ ಕಲೆಯ ಮೇಲೆ ಪ್ರೀತಿ ಉಕ್ಕಬೇಕೆ? ಗೀಚಿಯ ಬೆನ್ನ ಹಿಂದಿನ ಗೋಡೆಯ ಮೇಲೆ ಅವಳೇ ಬರೆದ ಆಳೆತ್ತರದ ಕಪ್ಪು ಆಕೃತಿಯಿತ್ತು. ಮುಚ್ಚೋಣವೆಂದರೆ ಕೈಯಲ್ಲಿ ಒಂದು ಕರವಸ್ತ್ರವೂ ಇರಲಿಲ್ಲ.

ಚಿಕ್ಕಂದಿನಲ್ಲಿ ಗೋಡೆ ಕಂಡಲ್ಲೆಲ್ಲ ಗೀಚುತ್ತಿದ್ದಳೆಂದು ಅಕ್ಕ ಇಟ್ಟ ಹೆಸರು ಗೀಚಿ. ಈಗ ಅದನ್ನೇ ಓದಲು ಚಿತ್ರಕಲಾ ಶಾಲೆ ಸೇರಿ, ಅಕ್ಕ-ಭಾವನ ಮನೆಯಲ್ಲಿದ್ದಳು. ಕಾರ್ಟೂನು ಚಿತ್ರಗಳಿಗೆ ಪಾತ್ರ ರೂಪಿಸುವುದು ಅವಳ ಪಾಠ. ವರ್ಷವಿಡೀ ಒಂದೇ ಪಾತ್ರವನ್ನು ತಿದ್ದಿ ತಿದ್ದಿ ಬರೆಯಬೇಕು. ಅವಳ ಪಾಲಿಗೆ ಬಂದದ್ದು ಖಳನಾಯಕ. ಮೊದಮೊದಲು ಕೋರೆಹಲ್ಲು, ಕೆಂಗಣ್ಣು, ಕೊಂಬು ಎಲ್ಲವನ್ನೂ ಹಚ್ಚಿ ಕೊಟ್ಟರೆ ಮೇಷ್ಟ್ರು, "ಇದು ರಾಕ್ಷಸ ಅಲ್ಲಮ್ಮಾ, ಹಲ್ಲುನೋವು ಬಂದಿರೋ ಎಮ್ಮೆ" ಎಂದು ತರಗತಿಯನ್ನೆಲ್ಲ ನಗಿಸಿದ್ದರು. ಅವರ ಪರೀಕ್ಷೆಯೇ ಬೇರೆ. ಪಾತ್ರಕ್ಕೆ ಅಡಿಯಿಂದ ಮುಡಿಯವರೆಗೆ ಕಪ್ಪು ಬಳಿಯಬೇಕು, ಕಣ್ಣು ಮೂಗು ಏನೂ ಕಾಣಕೂಡದು. ಬಾಗಿಲಲ್ಲಿ ನಿಂತವರು ಬರೀ ಆಕಾರ ನೋಡಿ ಆಸಾಮಿ ಎಂಥವನೆಂದು ತಿಳಿಯಬೇಕು. ತಿಂಗಳುಗಟ್ಟಲೆ ಗೀಚಿಯ ಖಳನಾಯಕನನ್ನು ಕಂಡು ಯಾರೂ ಕ್ಯಾರೇ ಎನ್ನಲಿಲ್ಲ.

ಆಮೇಲೊಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ಹಾಡಿಕೊಳ್ಳುತ್ತಾ ಪಾತ್ರೆ ತೊಳೆಯುತ್ತಿದ್ದಳು. ಮುಂಬಾಗಿಲಿನ ಮಸುಕು ಗಾಜಿನ ಮೇಲೆ ಭಾವನ ನೆರಳು ಬಿತ್ತು. ಎಡಭುಜ ಇಳಿದು, ಕತ್ತು ಮುಂದೆ ಚಾಚಿ, ಬೆರಳಿಗೆ ಬೀಗದ ಕೈ ಸಿಕ್ಕಿಸಿಕೊಂಡು, ಒಳಗೆ ಏನು ಸದ್ದು ಎಂದು ಆಲಿಸುತ್ತಾ ನಿಂತ ನೆರಳು. ಅಕ್ಕನ ಹಾಡು ನಿಂತಿತು. ಗಾಜಿನ ಬಳೆಗಳನ್ನೆಲ್ಲ ಸರಕ್ಕನೆ ಮೊಣಕೈಯತ್ತ ಏರಿಸಿ, ಅಲುಗದಂತೆ ಬಿಗಿಮಾಡಿಕೊಂಡಳು. ಭಾವನಿಗೆ ಸದ್ದು ಆಗಿಬರದು. ಹಾಗೆಂದು ಕೂಗಾಡುವವರಲ್ಲ, ದನಿ ತಗ್ಗಿಸುತ್ತಾರೆ. "ಯಾಕಿಷ್ಟು ಸದ್ದು?" ಎಂದು ಮೆಲ್ಲಗೆ ಕೇಳಿ ಅವರು ಕೋಣೆಯ ಬಾಗಿಲು ಹಾಕಿಕೊಂಡ ಮರುದಿನ, ಬಿರುಬೇಸಿಗೆಯಲ್ಲೂ ಅಕ್ಕ ತುಂಬುತೋಳಿನ ರವಿಕೆ ತೊಡುತ್ತಿದ್ದಳು.

ಆ ಸಂಜೆ ಗಾಜಿನ ಮೇಲಿನ ನೆರಳನ್ನು ಗೀಚಿಯ ಕೈ ತಾನಾಗಿ ಬರೆಯಿತು. ಬರೆದ ಮೇಲೆ ನೋಡಿದರೆ ಸಾಕ್ಷಾತ್ ಭಾವ. ಗುರುತು ಸಿಗದಿರಲೆಂದು ಉದ್ದನೆಯ ಕೋಟು ತೊಡಿಸಿದಳು, ಬಾಲ ಅಂಟಿಸಿದಳು, ಹಳೆಯ ಎಮ್ಮೆಯ ಕೊಂಬನ್ನೂ ತಂದು ಸಿಕ್ಕಿಸಿದಳು. ಕಪ್ಪು ಬಳಿದರೆ ಮುಖವೇ ಇರುವುದಿಲ್ಲ, ಇನ್ನೇನು ಭಯ? ಆದರೆ ಆ ಭುಜ ಇಳಿದೇ ಇತ್ತು. ಅದನ್ನು ನೆಟ್ಟಗೆ ಮಾಡಲು ಹೋದಾಗಲೆಲ್ಲ ಚಿತ್ರದ ಜೀವವೇ ಹೋಗಿಬಿಡುತ್ತಿತ್ತು. ಮೇಷ್ಟ್ರು ಅದನ್ನೇ ಆರಿಸಿ, ಆಳೆತ್ತರಕ್ಕೆ ಬರೆಸಿ, ಬಾಗಿಲಿಗೆ ನೇರವಾಗಿ ತೂಗುಹಾಕಿಸಿದರು. ಇಷ್ಟು ಚೆನ್ನಾಗಿ ಕಲಿಯದೆ ಎಮ್ಮೆಯನ್ನೇ ಬರೆದುಕೊಂಡಿರಬಾರದಿತ್ತೆ ಎಂದು ಗೀಚಿಗೆ ಈಗ ಅನಿಸಿತು.

"ಅಕ್ಕ ಎಲ್ಲಿ, ಭಾವ?"

"ಕೆಳಗೆ ಯಾರೋ ಗೆಳತಿ ಸಿಕ್ಕಿದಾಳೆ. ಬರ್ತಾಳೆ." ಅವರು ಚಿತ್ರದ ಮುಂದೆಯೇ ನಿಂತರು. "ಇವನ್ಯಾರಮ್ಮಾ?"

ಗೀಚಿ ಕೊಂಬಿನತ್ತ ಕಣ್ಣು ಹಾಯಿಸಿದಳು. ಗೊತ್ತಾದರೆ ತನ್ನನ್ನು ಮನೆಯಿಂದ ಆಚೆ ಹಾಕಬಹುದು, ಹಾಕಲಿ. ಆದರೆ ಕೋಣೆಯ ಬಾಗಿಲು ಮುಚ್ಚಿದಾಗ ಒಳಗಿರುವವಳು ಅಕ್ಕ.

"ಖಳನಾಯಕ, ಭಾವ. ಸುಮ್ನೆ... ಕಲ್ಪನೆ."

ಭಾವ ನಕ್ಕುಬಿಟ್ಟರು. "ನಮ್ಮ ಆಫೀಸಿನ ಮ್ಯಾನೇಜರ್ ಥರಾನೇ ಇದಾನೆ ನೋಡು. ಕೊಂಬೊಂದಿಲ್ಲ ಅವನಿಗೆ."

ಗೀಚಿಗೆ ಹೋದ ಜೀವ ಬಂದಂತಾಯಿತು. ಭಾವ ಕಂಬದ ಮರೆಯಲ್ಲಿದ್ದ ಇನ್ನೊಂದು ಚಿತ್ರದ ಕಡೆ ಸರಿದರು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಅಕ್ಕನ ನಗು ಕೇಳಿಸಿತು, ಜೊತೆಗೆ ಬಳೆಗಳ ಘಲಘಲ. ಗೆಳತಿಗೆ ಕೈಬೀಸುತ್ತಾ ಬಾಗಿಲಿಗೆ ಬಂದ ಅಕ್ಕ ತಲೆಯೆತ್ತಿ ಎದುರಿನ ಗೋಡೆ ನೋಡಿದಳು. ನಗು ಅರ್ಧಕ್ಕೇ ನಿಂತಿತು. ಅವಳ ಕೈ ಅವಳನ್ನೂ ಕೇಳದೆ ಬಳೆಗಳನ್ನು ಸರಕ್ಕನೆ ಮೊಣಕೈಯತ್ತ ಏರಿಸಿತು.

"ನೋಡಿದ್ರಾ!" ಬಾಗಿಲ ಬಳಿ ನಿಂತು ಬಂದವರನ್ನೇ ಗಮನಿಸುತ್ತಿದ್ದ ಮೇಷ್ಟ್ರು ಮಗುವಿನಂತೆ ಚಪ್ಪಾಳೆ ತಟ್ಟಿದರು. "ಬಾಗಿಲಲ್ಲೇ ಗುರುತು ಹಿಡಿದುಬಿಟ್ರು! ಪಾತ್ರ ಅಂದ್ರೆ ಇದಪ್ಪಾ!"

ಸದ್ದು ಸಹಿಸದವರಿಗೆ ನಿಂತುಹೋದ ಸದ್ದೂ ಕೇಳಿಸುತ್ತದೆ. ಭಾವ ಕಂಬದ ಮರೆಯಿಂದ ಬಂದರು. ಹೆಂಡತಿಯ ಬಳೆಗಳನ್ನು ನೋಡಿದರು, ಗೋಡೆಯ ಆಕೃತಿಯನ್ನು ನೋಡಿದರು. ಅವರ ಎಡಭುಜ ಇಳಿಯಿತು, ಕತ್ತು ಮುಂದೆ ಬಂತು.

"ಯಾರ ಗುರುತು?" ಎಂದರು, ತೀರಾ ಮೆಲ್ಲಗೆ.

ನಿಮ್ಮ ಮ್ಯಾನೇಜರ್‌ದೇ ಎಂದು ಹೇಳಲು ಗೀಚಿ ಬಾಯಿ ತೆರೆದಳು.

ಅಷ್ಟರಲ್ಲಿ ಅಕ್ಕ ಗೋಡೆಯ ಮೇಲಿದ್ದವನನ್ನು ಒಮ್ಮೆ, ಪಕ್ಕದಲ್ಲಿ ನಿಂತ ಗಂಡನನ್ನು ಒಮ್ಮೆ ನೋಡಿದಳು. ಆಮೇಲೆ ಏರಿಸಿದ್ದ ಬಳೆಗಳನ್ನು ಒಂದೊಂದಾಗಿ ಮುಂಗೈಗೆ ಬಿಡತೊಡಗಿದಳು. ಒಂದೊಂದರ ಸದ್ದೂ ಆ ಪ್ರದರ್ಶನದ ಹಾಲಿನ ಮೂಲೆಮೂಲೆಗೆ ಕೇಳಿಸುತ್ತಿತ್ತು.